ಖವಾ, ರೊಟ್ಟಿ, ಡೊಪ್ಪಲ್‌ಬಾಕ್: ಜರ್ಮನಿಯ ಗಟ್ಟಿ ಬಿಯರನ್ನು ಸವಿದು ಅಳೆಯುವ ಬಗೆ

ಹುಬ್ಬಳ್ಳಿಯ ಯಾವುದೇ ವೈನ್ ಶಾಪಿನ ಮುಂದೆ ಸಂಜೆ ಹತ್ತು ನಿಮಿಷ ನಿಂತರೆ ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ಸ್ಟ್ರಾಂಗ್ ಕೊಡ್ರಿ.” ಇಲ್ಲಿ ಸ್ಟ್ರಾಂಗ್ ಎಂದರೆ ಬೇಗ ತಲೆಗೇರುವಂಥದ್ದು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು, ಗಟಗಟ ಇಳಿಯಬೇಕು. ರುಚಿ ಹೇಗಿತ್ತು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನಮ್ಮ ದೇಶದ ಆಹಾರ ನಿಯಮದಲ್ಲಿ ಆಲ್ಕೋಹಾಲ್ ಶೇ 5 ದಾಟಿ ಶೇ 8ರೊಳಗೆ ಇದ್ದರೆ ಆ ಬಿಯರ್ ಸ್ಟ್ರಾಂಗ್. ಆ ಬಲವನ್ನು ಅಗ್ಗದಲ್ಲಿ ತರಲು ಬಾರ್ಲಿಯ ಜೊತೆ ಅಕ್ಕಿ, ಗೋವಿನಜೋಳ, ಸಕ್ಕರೆ ಸೇರಿಸುವುದು ರೂಢಿ. ಸಕ್ಕರೆಯನ್ನು ಹುದುಗು ಬರಿಸುವ ಸೂಕ್ಷ್ಮಜೀವಿ ಯೀಸ್ಟ್ ಪೂರ್ತಿ ತಿಂದು ಮುಗಿಸುತ್ತದೆ; ಅಮಲು ಉಳಿಯುತ್ತದೆ, ರುಚಿ ಉಳಿಯುವುದಿಲ್ಲ.

ಜರ್ಮನಿಯ ತೆಂಕಣ ಭಾಗ ಬವೇರಿಯಾದಲ್ಲೂ ಇಂಥ ಬಿಯರಿಗೆ ‘ಸ್ಟಾರ್ಕ್‌ಬಿಯರ್’, ಅಂದರೆ ಬಲದ ಬಿಯರ್ ಎಂದೇ ಹೆಸರು. ಆದರೆ ಅಲ್ಲಿ ಬಲ ಕಾಳಿನಿಂದ ಬರಬೇಕು. ಬಾರ್ಲಿಯನ್ನೇ ಹೆಚ್ಚು ಹಾಕಿ, ರಸವನ್ನು ಗಟ್ಟಿ ಮಾಡಿ, ತಿಂಗಳುಗಟ್ಟಲೆ ತಣ್ಣಗೆ ಇಟ್ಟು ಇಳಿಸಿದ್ದು ಡೊಪ್ಪಲ್‌ಬಾಕ್. ಅದನ್ನು ಮೂಸುವುದು, ಸವಿಯುವುದು, ಒಳ್ಳೆಯದೋ ಕೆಟ್ಟದ್ದೋ ಎಂದು ತೂಗಿ ಹೇಳುವುದು ಒಂದು ಕಲೆ. ಅದಕ್ಕೆ ಬೇಕಾದ ಮೂಗು ನಮ್ಮ ಕಡೆಯವರಿಗೆ ಆಗಲೇ ಇದೆ ಎಂಬುದು ನನ್ನ ಗಟ್ಟಿ ನಂಬಿಕೆ. ಧಾರವಾಡದ ಲೈನ್ ಬಜಾರಿನಲ್ಲಿ ಪೇಢೆ ತಿಂದು ಬೆಳೆದವರಿಗೆ, ಹಂಚಿನ ಮೇಲೆ ರೊಟ್ಟಿ ಕಂದುವ ವಾಸನೆಗೆ ಹಸಿವಾದವರಿಗೆ, ಈ ಬಿಯರಿನ ಮುಖ್ಯ ಪರಿಮಳವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಇಂಗ್ಲಿಷ್ ಪುಸ್ತಕಗಳು ಟಾಫಿ, ಟೋಸ್ಟ್, ಬ್ರೆಡ್ಡಿನ ಹೊರಪದರ ಎಂದು ಬರೆಯುವಲ್ಲಿ ನಾವು ಖವಾ, ರೊಟ್ಟಿ, ಉತ್ತತ್ತಿ ಎಂದು ಹೇಳಿದರೆ ಇನ್ನಷ್ಟು ಸರಿಯಾಗಿ ಹೇಳಿದಂತಾಗುತ್ತದೆ.

ಹೆಸರಿನಿಂದ ಶುರು ಮಾಡೋಣ. ಉತ್ತರ ಜರ್ಮನಿಯಲ್ಲಿ ಐನ್‌ಬೆಕ್ ಎಂಬ ಊರಿದೆ. ಮಧ್ಯಯುಗದಲ್ಲಿ ಅಲ್ಲಿಯ ಗಟ್ಟಿ ಬಿಯರ್ ದೂರದೂರಕ್ಕೆ ಗಾಡಿಯ ಮೇಲೆ ಹೋಗುತ್ತಿತ್ತು. ಮ್ಯೂನಿಕ್‌ನ ಅರಮನೆಗೂ ಅದೇ ಬೇಕು. ತರಿಸುವ ಖರ್ಚು ಹೆಚ್ಚಾದಾಗ, ಅಲ್ಲಿಯ ದೊರೆಗಳು 1589ರಲ್ಲಿ ತಾವೇ ಕಟ್ಟಿಸಿದ್ದ ಹೋಫ್‌ಬ್ರೌಹೌಸ್ ಬಿಯರ್ ಮನೆಗೆ 1614ರ ಸುಮಾರಿನಲ್ಲಿ ಐನ್‌ಬೆಕ್‌ನಿಂದ ಎಲಿಯಾಸ್ ಪಿಖ್ಲರ್ ಎಂಬ ನುರಿತವನನ್ನೇ ಕರೆಸಿಕೊಂಡರು. ಊರಿನ ಹೆಸರು ಬವೇರಿಯಾದವರ ಬಾಯಲ್ಲಿ ತಿರುಚಿ ‘ಐನ್ ಬಾಕ್’ ಆಯಿತು. ಆ ಮಾತಿಗೆ ಅವರ ನುಡಿಯಲ್ಲಿ ‘ಒಂದು ಹೋತ’ ಎಂಬ ಅರ್ಥ. ಹುಬ್ಬಳ್ಳಿ ಬ್ರಿಟಿಷರ ಬಾಯಲ್ಲಿ ಹುಬ್ಲಿ ಆಯಿತಲ್ಲ, ಅದೇ ಬಗೆ. ನಾವು 2014ರಲ್ಲಿ ಕಾಗದಪತ್ರಗಳಲ್ಲಿ ನಮ್ಮ ಹೆಸರನ್ನು ಮರಳಿ ಪಡೆದೆವು, ಅವರ ಬಿಯರು ಹೋತನಾಗಿಯೇ ಉಳಿಯಿತು. ಇವತ್ತಿಗೂ ಎಷ್ಟೋ ಬಾಕ್ ಬಾಟಲಿಗಳ ಚೀಟಿಯ ಮೇಲೆ ಹೋತದ ಚಿತ್ರ ಇರುತ್ತದೆ. ಆಯಿಂಗ್ ಎಂಬ ಹಳ್ಳಿಯ ಸೆಲೆಬ್ರೇಟರ್ ಬಾಟಲಿಯ ಕೊರಳಿಗೆ ಪುಟ್ಟ ಪ್ಲಾಸ್ಟಿಕ್ ಹೋತವನ್ನೇ ದಾರದಲ್ಲಿ ಕಟ್ಟಿರುತ್ತಾರೆ.

ಡೊಪ್ಪಲ್ ಎಂದರೆ ಇಮ್ಮಡಿ. ಈ ಇಮ್ಮಡಿ ಬಾಕ್ ಹುಟ್ಟಿದ್ದು ಮಠದಲ್ಲಿ. ಮ್ಯೂನಿಕ್‌ನ ಪೌಲಾನರ್ ಸನ್ಯಾಸಿಗಳು ಬಿಯರ್ ಮಾಡುತ್ತಿದ್ದುದಕ್ಕೆ 1634ರ ದಾಖಲೆ ಇದೆ. ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಗಟ್ಟಿ ಆಹಾರಕ್ಕೆ ಕಟ್ಟಳೆ, ದ್ರವಕ್ಕೆ ಅಡ್ಡಿ ಇಲ್ಲ. ನಮ್ಮಲ್ಲಿ ಏಕಾದಶಿಗೆ ಅನ್ನ ಬಿಟ್ಟು ಸಾಬುದಾಣಿ, ಶೇಂಗಾ ತಿಂದು ದಿನ ಕಳೆಯುವಂತೆ ಅವರು ಕಾಳಿನ ಸಾರ ತುಂಬಿದ ಬಿಯರ್ ಕುಡಿದು ಉಪವಾಸ ಮಾಡಿದರು. ಅದನ್ನು ‘ಹರಿಯುವ ರೊಟ್ಟಿ’ ಎಂದು ಕರೆದರು. ಬಿಯರನ್ನು ಮೂಸುವಾಗ ಈ ಹೆಸರನ್ನು ನೆನಪಿನಲ್ಲಿಡಿ. ಮುಂದೆ ಮಠಗಳ ಆಸ್ತಿ ಸರಕಾರದ ಪಾಲಾದ ಮೇಲೆ ಫ್ರಾಂಜ್ ಕ್ಸೇವರ್ ಜಾಖರ್ಲ್ ಎಂಬಾತ ಆ ಬಿಯರ್ ಮನೆಯನ್ನು ನಡೆಸಿದ. ಅಲ್ಲಿಯ ಬಿಯರಿನ ಹೆಸರು ಸಾಲ್ವೇಟರ್. ಊರವರೆಲ್ಲ ತಮ್ಮ ಗಟ್ಟಿ ಬಿಯರಿಗೂ ಅದೇ ಹೆಸರು ಇಡತೊಡಗಿದ್ದರಿಂದ 1896ರಲ್ಲಿ ಅದನ್ನು ವ್ಯಾಪಾರ ಮುದ್ರೆಯಾಗಿ ನೋಂದಾಯಿಸಲಾಯಿತು. ಉಳಿದವರು ಹೆಸರಿನ ಬಾಲವನ್ನಷ್ಟೇ ಉಳಿಸಿಕೊಂಡರು: ಆಪ್ಟಿಮೇಟರ್, ಮ್ಯಾಕ್ಸಿಮೇಟರ್, ಟ್ರಯಂಫೇಟರ್, ಆನಿಮೇಟರ್. ಬಾಟಲಿಯ ಮೇಲೆ ‘-ಏಟರ್’ ಎಂದು ಮುಗಿಯುವ ಜರ್ಮನ್ ಹೆಸರು ಕಂಡರೆ ಒಳಗಿರುವುದು ಡೊಪ್ಪಲ್‌ಬಾಕ್ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು.

ಈಗ ಕಾಳಿನ ವಿಚಾರ. ಮಾಲ್ಟ್ ಎಂಬ ಪದ ನಮಗೆ ಹೊಸದಲ್ಲ. ರಾಗಿ ನೆನೆಸಿ, ಅರಿವೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ ಕೂಸಿಗೆ ಕುಡಿಸುವ ಹಿಟ್ಟೂ ಮಾಲ್ಟೇ. ಬಾರ್ಲಿಗೂ ಅದೇ ಕೆಲಸ. ಮೊಳಕೆ ಒಡೆಯುವಾಗ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಎದ್ದು ಕೂರುತ್ತವೆ. ಅಲ್ಲಿಗೆ ಮೊಳಕೆ ತಡೆದು ಬಿಸಿಗಾಳಿಯಲ್ಲಿ ಒಣಗಿಸಬೇಕು. ಎಷ್ಟು ಬಿಸಿ ಎಂಬುದರ ಮೇಲೆ ರುಚಿ ನಿಂತಿದೆ. ತಿಳಿಬಣ್ಣದ ಪಿಲ್ಸ್ನರ್ ಮಾಲ್ಟನ್ನು ಕೊನೆಯ ಹಂತದಲ್ಲಿ ಸುಮಾರು 80–85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದರೆ, ಡೊಪ್ಪಲ್‌ಬಾಕ್‌ಗೆ ಬೇಕಾದ ಮ್ಯೂನಿಕ್ ಮಾಲ್ಟನ್ನು 100 ಡಿಗ್ರಿಯ ಆಸುಪಾಸಿಗೆ ಒಯ್ಯುತ್ತಾರೆ. ಆ ಸ್ವಲ್ಪ ಹೆಚ್ಚಿನ ಬಿಸಿಯಲ್ಲಿ ಕಾಳಿನ ಸಕ್ಕರೆ ಮತ್ತು ಪ್ರೋಟೀನಿನ ತುಣುಕುಗಳು ಒಂದಕ್ಕೊಂದು ಹೆಣೆದು ಕಂದು ಬಣ್ಣವನ್ನೂ ನೂರಾರು ಪರಿಮಳಗಳನ್ನೂ ಹುಟ್ಟಿಸುತ್ತವೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ಹೆಸರಿನಿಂದಲೇ ಈ ಕ್ರಿಯೆಯನ್ನು ಗುರುತಿಸುತ್ತಾರೆ.

ಧಾರವಾಡದ ಪೇಢೆಯ ಬಾಣಲೆಯಲ್ಲಿ ನಡೆಯುವುದೂ ಇದೇ. ಉನ್ನಾವ್‌ನಿಂದ ಬಂದು ನೆಲೆನಿಂತ ಠಾಕೂರ್ ಮನೆತನ ಶುರು ಮಾಡಿದ ಈ ಸಿಹಿಯ ಗುಟ್ಟು ಖವಾವನ್ನು ತಾಳ್ಮೆಯಿಂದ ಕೈಯಾಡಿಸುತ್ತ ಕಂದಿಸುವುದರಲ್ಲಿದೆ. ಬರಿ ಸಕ್ಕರೆ ಕಾಸಿದರೆ ಬರುವ ಕ್ಯಾರಮೆಲ್ ಬೇರೆ, ಇದು ಬೇರೆ. ಇಲ್ಲಿ ಹಾಲಿನೊಳಗಿನ ಸಕ್ಕರೆ ಹಾಲಿನ ಪ್ರೋಟೀನಿನ ಜೊತೆ ಸೇರಿ ಕಂದುತ್ತದೆ. ಮಥುರಾ ಪೇಢೆಯೋ ಧಾರವಾಡ ಪೇಢೆಯೋ ಎಂದು ಕಣ್ಣು ಮುಚ್ಚಿ ಹೇಳಬಲ್ಲವರು ನಮ್ಮಲ್ಲಿ ಎಷ್ಟೋ ಮಂದಿ. ಹಾಲಿನ ಬದಲು ಬಾರ್ಲಿ ಎಂದುಕೊಂಡರೆ, ಡೊಪ್ಪಲ್‌ಬಾಕ್‌ನ ಎದೆಯಲ್ಲಿರುವುದು ಅದೇ ಕಂದು ಪರಿಮಳ.

ಹಳೆಯ ಬವೇರಿಯನ್ ಪದ್ಧತಿಯಲ್ಲಿ ಇದನ್ನು ಇನ್ನಷ್ಟು ಬಲಪಡಿಸುವ ಒಂದು ಉಪಾಯವಿದೆ. ಪುಡಿ ಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿದ ಮೇಲೆ ಸುಮಾರು ಮೂರರಲ್ಲಿ ಒಂದು ಪಾಲನ್ನು ತೋಡಿ ಬೇರೆ ಪಾತ್ರೆಯಲ್ಲಿ ಕುದಿಸುತ್ತಾರೆ, ಕುದಿದದ್ದನ್ನು ಮರಳಿ ಸುರಿಯುತ್ತಾರೆ. ಹಂಡೆಯ ಕುದಿನೀರು ತೋಡಿ ಬಕೀಟಿನ ತಣ್ಣೀರಿಗೆ ಬೆರೆಸಿ ಜಳಕಕ್ಕೆ ಹದ ಮಾಡುತ್ತೇವಲ್ಲ, ಹಾಗೆ ಇಡೀ ಪಾತ್ರೆಯ ಬಿಸಿ ಒಂದು ಮೆಟ್ಟಿಲು ಏರುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಹದ ಹಿಡಿಯಲು ಇದ್ದ ದಾರಿ ಇದು. ಕುದಿಯುವ ಪಾಲಿನಲ್ಲಿ ಮತ್ತಷ್ಟು ಮೈಯಾರ್ ಪರಿಮಳ ಹುಟ್ಟುತ್ತದೆ. ಹೊಸ ಮಾಲ್ಟುಗಳು ಚೆನ್ನಾಗಿರುವುದರಿಂದ ಈ ಶ್ರಮ ಬೇಕಾಗಿಲ್ಲ ಎನ್ನುವವರಿದ್ದಾರೆ. ನನಗಂತೂ ಕುದಿಸಿ ಮಾಡಿದ್ದರ ಆಳವೇ ಬೇರೆ ಅನಿಸುತ್ತದೆ.

ಹೀಗೆ ಇಳಿಸಿದ ಸಿಹಿ ರಸ ಎಷ್ಟು ಗಟ್ಟಿ ಎಂಬುದಕ್ಕೆ ಪ್ಲೇಟೋ ಎಂಬ ಅಳತೆ ಇದೆ. 100 ಗ್ರಾಂ ರಸದಲ್ಲಿ 12 ಗ್ರಾಂ ಕಾಳಿನ ಸಾರ ಕರಗಿದ್ದರೆ ಅದು 12 ಡಿಗ್ರಿ ಪ್ಲೇಟೋ, ಸಾಮಾನ್ಯ ಲಾಗರ್ ಬಿಯರಿನ ಮಟ್ಟ. ಜರ್ಮನಿಯಲ್ಲಿ ಬಾಕ್ ಎನಿಸಿಕೊಳ್ಳಲು 16 ಬೇಕು, ಡೊಪ್ಪಲ್‌ಬಾಕ್‌ಗೆ 18. ಅದೆಲ್ಲ ಹುದುಗಿದಾಗ ಆಲ್ಕೋಹಾಲ್ ಸುಮಾರು ಶೇ 7ರಿಂದ 10ರವರೆಗೆ ಬರುತ್ತದೆ. ಸಾಲ್ವೇಟರ್ ಶೇ 7.9, ಸೆಲೆಬ್ರೇಟರ್ ಶೇ 6.7. ಎರಡನೆಯದರಲ್ಲಿ ಆಲ್ಕೋಹಾಲ್ ಕಡಿಮೆ, ಆದರೂ ಅದರ ರುಚಿಯ ಭಾರ ಒಂದು ಗುಂಜಿಯೂ ಕಡಿಮೆ ಇಲ್ಲ. ಬಲವನ್ನು ಶೇಕಡಾವಾರಿನಿಂದಲೇ ಅಳೆಯುವವರಿಗೆ ಈ ಒಂದು ಬಾಟಲಿ ಸಾಕು ಉತ್ತರವಾಗಿ.

ಹುದುಗಿಸುವ ಲಾಗರ್ ಯೀಸ್ಟ್ ಚಳಿಯಲ್ಲಿ, ಸುಮಾರು 10 ಡಿಗ್ರಿಯಲ್ಲಿ, ನಿಧಾನವಾಗಿ ಕೆಲಸ ಮಾಡುತ್ತದೆ. ಆಮೇಲೆ ಬಿಯರ್ 0 ಡಿಗ್ರಿಯ ಹತ್ತಿರ ವಾರಗಟ್ಟಲೆ, ತಿಂಗಳುಗಟ್ಟಲೆ ಮಲಗುತ್ತದೆ. ಲಾಗರ್ ಎಂಬ ಮಾತಿನ ಮೂಲ ಅರ್ಥವೇ ಕೂಡಿಡುವುದು. ಬಿಸಿಯಲ್ಲಿ ಹುದುಗಿದ ಬಿಯರಿನಲ್ಲಿ ಬಾಳೆಹಣ್ಣು, ಲವಂಗದಂಥ ಪರಿಮಳ ಬರಬಹುದು. ಚಳಿಯಲ್ಲಿ ಹುದುಗಿದ್ದರಲ್ಲಿ ಅಂಥ ಮರೆ ಇಲ್ಲ, ಕಾಳು ಬೆತ್ತಲೆಯಾಗಿ ನಿಲ್ಲುತ್ತದೆ. ಹಾಗಾಗಿ ತಪ್ಪು ಆಗಿದ್ದರೆ ಅದೂ ಬೆತ್ತಲೆಯೇ.

ಸವಿಯುವ ಮುಂಚೆ ಮನೆಯಲ್ಲಿ ಒಂದು ಪ್ರಯೋಗ ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಿಯರ್ ಮುಟ್ಟದವರೂ ಮಾಡಬಹುದು. ಒಂದು ಧಾರವಾಡ ಪೇಢೆ ತಗೊಳ್ಳಿ. ಎರಡು ಬೆರಳಿನಿಂದ ಮೂಗು ಗಟ್ಟಿ ಹಿಡಿದುಕೊಂಡು ಅರ್ಧ ಪೇಢೆ ಬಾಯಿಗೆ ಹಾಕಿ ಅಗಿಯಿರಿ. ಸಿಹಿ ತಿಳಿಯುತ್ತದೆ, ಮೇಲಿನ ಸಕ್ಕರೆ ಹಲ್ಲಿಗೆ ಕರಕರ ಎನ್ನುವುದು ತಿಳಿಯುತ್ತದೆ. ಇನ್ನೇನೂ ಇಲ್ಲ. ಅದು ಪೇಢೆಯೋ ಸಿಹಿ ಮಣ್ಣೋ ಎಂದು ಹೇಳುವುದೇ ಕಷ್ಟ. ಈಗ ಬೆರಳು ಬಿಟ್ಟು ಮೂಗಿನಿಂದ ಉಸಿರು ಹೊರಬಿಡಿ. ಕಂದಿದ ಹಾಲಿನ ಆ ಪರಿಮಳ ಗಂಟಲ ಹಿಂದಿನಿಂದ ಮೇಲೆ ನುಗ್ಗಿ ಬರುತ್ತದೆ, ಪೇಢೆ ಪೇಢೆಯಾಗುತ್ತದೆ. ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಸಾರಿನ ಸವಿಯಷ್ಟೇ. ಉಳಿದ ರುಚಿಯೆಲ್ಲ ಹಿಂಬಾಗಿಲಿನಿಂದ ಮೂಗಿಗೆ ಹೋದ ವಾಸನೆ. ಬಿಯರ್ ಸವಿಯುವಾಗ ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು ಎನ್ನುವುದು ಇದಕ್ಕೇ.

ಈ ಪ್ರಯೋಗದಿಂದ ಇನ್ನೊಂದು ಮುಖ್ಯ ಸಂಗತಿಯೂ ಬಿಡಿಸಿಕೊಳ್ಳುತ್ತದೆ: ಮಾಲ್ಟಿನ ರುಚಿ ಬೇರೆ, ಸಿಹಿ ಬೇರೆ. ಡೊಪ್ಪಲ್‌ಬಾಕ್ ಬಗ್ಗೆ ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಮೂಗು ಹಿಡಿದಾಗ ಸಿಕ್ಕಿದ್ದು ಸಿಹಿ, ಬಿಟ್ಟಾಗ ಬಂದದ್ದು ಕಂದು ಪರಿಮಳ. ಗೋಧಿ ಹುಗ್ಗಿಯನ್ನು ನೆನೆಸಿಕೊಳ್ಳಿ. ಕುಟ್ಟಿದ ಗೋಧಿಯ ರುಚಿ ಮುಂದೆ ಬಂದು ಬೆಲ್ಲ ಹಿಂದೆ ನಿಂತರೆ ಅದು ಹುಗ್ಗಿ. ಬೆಲ್ಲವೇ ಬಾಯಿ ತುಂಬಿದರೆ ನಾಲ್ಕು ತುತ್ತಿಗೆ ಸಾಕೆನಿಸುತ್ತದೆ. ಒಳ್ಳೆಯ ಡೊಪ್ಪಲ್‌ಬಾಕ್‌ನಲ್ಲಿ ಪರಿಮಳ ಬೆಟ್ಟದಷ್ಟು, ಸಿಹಿ ಹಿಡಿಯಷ್ಟು. ಯೀಸ್ಟ್ ಸಕ್ಕರೆಯನ್ನು ಸರಿಯಾಗಿ ತಿಂದಿದ್ದರೆ ನುಂಗಿದ ಮೇಲೆ ಬಾಯಿ ಅಂಟಂಟಾಗುವುದಿಲ್ಲ, ಇನ್ನೊಂದು ಗುಟುಕು ಬೇಕೆನಿಸುತ್ತದೆ. ಹಾಪ್ಸ್ ಹೂವಿನ ಕಹಿ ಇಲ್ಲಿ ಹುಗ್ಗಿಗೆ ಹಾಕುವ ಚಿಟಿಕೆ ಉಪ್ಪಿದ್ದಂತೆ. ಇದೆ ಎಂದು ಗೊತ್ತಾಗಬಾರದು, ಇಲ್ಲದಿದ್ದರೆ ಗೊತ್ತಾಗಬೇಕು.

ಕಳೆದ ಡಿಸೆಂಬರಿನಲ್ಲಿ ಧಾರವಾಡದ ಮಾಮಾನ ಮನೆಯ ಮಾಳಿಗೆಯ ಮೇಲೆ ನಾವು ನಾಲ್ವರು ಒಂದು ಬಾಟಲಿ ಇಟ್ಟುಕೊಂಡು ಕೂತೆವು. ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ನಮ್ಮ ಕಾಕಾನ ಮಗ ರಜೆಗೆ ಬಂದಾಗ ಪೆಟ್ಟಿಗೆಯಲ್ಲಿ ಅರಿವೆಯ ನಡುವೆ ಸುತ್ತಿ ತಂದದ್ದು. ನಾಲ್ವರಿಗೆ ಒಂದೇ ಬಾಟಲಿ ಎಂದರೆ ಜಿಪುಣತನವಲ್ಲ. ಅರ್ಧ ಲೀಟರಿನ, ಶೇ 7.9ರ ಬಾಟಲಿಯಲ್ಲಿ 31 ಗ್ರಾಂನಷ್ಟು ಶುದ್ಧ ಆಲ್ಕೋಹಾಲ್ ಇರುತ್ತದೆ. ಸವಿದು ತೂಗಲು ಒಬ್ಬರಿಗೆ ಅರ್ಧ ಕಪ್ಪು ಚಹಾದಷ್ಟು ಇದ್ದರೆ ಧಾರಾಳ. ಅದಕ್ಕಿಂತ ಹೆಚ್ಚಾದರೆ ಮೂಗೂ ಮಂಕಾಗುತ್ತದೆ, ತೀರ್ಮಾನವೂ ಮಂಕಾಗುತ್ತದೆ. ಅವತ್ತು ಗಾಡಿ ಹೊಡೆಯಬೇಕಾದವರು ಬರಿ ಮೂಸಿದರು.

ಮಾಮಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಬಿಯರ್ ಎಂದರೆ ಅವರಿಗೆ ಬೇಸಿಗೆಯ ತಣ್ಣನೆ ನೀರು. ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷ ಹೊರಗಿಟ್ಟದ್ದು ಅವರಿಗೆ ಸರಿ ಬರಲಿಲ್ಲ. ಆದರೆ ಇದು ಮುಖ್ಯ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಪರಿಮಳದ ಕಣಗಳು ಮೇಲೇಳುವುದೇ ಇಲ್ಲ, ನಾಲಿಗೆಯೂ ಮರಗಟ್ಟುತ್ತದೆ. ಡೊಪ್ಪಲ್‌ಬಾಕ್ 8ರಿಂದ 12 ಡಿಗ್ರಿಯಲ್ಲಿ ಮಾತಾಡುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಐದೇ ನಿಮಿಷ ಸಾಕಾಗಬಹುದು, ಧಾರವಾಡದ ಡಿಸೆಂಬರಿಗೆ ಇಪ್ಪತ್ತು ಬೇಕು. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಹೊಟ್ಟೆ ಅಗಲ, ಬಾಯಿ ಸ್ವಲ್ಪ ಕಿರಿದಾದ ಗಾಜಿನ ಲೋಟ ಇರಲಿ. ಅದನ್ನು ಬಿಸಿನೀರಿನಿಂದ ತೊಳೆದು ಬೋರಲು ಹಾಕಿ ತಾನಾಗಿ ಒಣಗಲು ಬಿಡಬೇಕು. ಅಡುಗೆ ಮನೆಯ ಅರಿವೆಯಿಂದ ಒರೆಸಿದರೆ ಎಣ್ಣೆಯ ಪಸೆ ತಗುಲಿ ನೊರೆ ಕೂಡಲೇ ಸಾಯುತ್ತದೆ. ಊದುಬತ್ತಿ, ಒಗ್ಗರಣೆ, ಬ್ಯಾಡಗಿ ಮೆಣಸಿನಕಾಯಿ ಹುರಿಯುವ ಘಾಟು ಹತ್ತಿರ ಇರಬಾರದು. ಗಿರಮಿಟ್, ಮಿರ್ಚಿ, ಸವಣೂರು ಖಾರವನ್ನು ಬಿಯರ್ ಸವಿದು ಮುಗಿದ ಮೇಲೆ ನೋಡಿಕೊಳ್ಳಿ. ಖಾರ ಮತ್ತು ಆಲ್ಕೋಹಾಲ್ ಒಂದರ ಉರಿಯನ್ನು ಇನ್ನೊಂದು ಏರಿಸುತ್ತವೆ. ನಡುನಡುವೆ ನೀರು, ಒಂದು ಚೂರು ಬರಿ ಕಟಕ ರೊಟ್ಟಿ ಸಾಕು.

ಲೋಟ ಓರೆ ಹಿಡಿದು ಸುರಿದು, ಕೊನೆಗೆ ನೆಟ್ಟಗೆ ಮಾಡಿ ಎರಡು ಬೆರಳು ನೊರೆ ಎಬ್ಬಿಸಿದೆ. ನೊರೆ ಕೆನೆಬಣ್ಣದ್ದು. ಕೆಳಗಿನ ಬಿಯರ್ ಮೇಜಿನ ಮೇಲೆ ಕಾಕಂಬಿಯಂತೆ ಕಪ್ಪಾಗಿ ಕಂಡಿತು. ಇಳಿಹೊತ್ತಿನ ಬಿಸಿಲಿಗೆ ಎತ್ತಿ ಹಿಡಿದಾಗ ಅಂಚಿನಲ್ಲಿ ದಾಳಿಂಬೆ ಕೆಂಪು ಹೊಳೆಯಿತು, ಆಚೆಯ ತೆಂಗಿನ ಗರಿ ಸ್ಪಷ್ಟವಾಗಿ ಕಾಣಿಸಿತು. ತಿಂಗಳುಗಟ್ಟಲೆ ತಣ್ಣಗೆ ಮಲಗಿದ ಬಿಯರ್ ಹೀಗೆ ತಿಳಿಯಾಗಿರಬೇಕು. ಹೊಂಬಣ್ಣದ ಡೊಪ್ಪಲ್‌ಬಾಕ್ ಕೂಡ ಇದೆ, ಬಣ್ಣ ತಿಳಿಯಾದ ಮಾತ್ರಕ್ಕೆ ಅದು ಕಳಪೆಯಲ್ಲ.

“ಮಾಮಾ, ಮೊದಲ ವಾಸನಿ ತಗೊಳ್ರಿ. ಈಗ ಕುಡೀಬ್ಯಾಡ್ರಿ,” ಎಂದೆ.

ಅವರು ಲೋಟವನ್ನು ಮೂಗಿನ ಹತ್ತಿರ ಒಯ್ದು, ತೆಗೆದು, ಮತ್ತೆ ಒಯ್ದರು. ಅದು ತಾನಾಗಿಯೇ ಸರಿಯಾದ ಕ್ರಮ. ದೀರ್ಘವಾಗಿ ಒಂದೇ ಸಲ ಎಳೆದರೆ ಮೂಗು ಆ ವಾಸನೆಗೆ ಒಗ್ಗಿ ಸುಮ್ಮನಾಗುತ್ತದೆ. ಚಿಕ್ಕ ಚಿಕ್ಕ ಎಳೆತ, ನಡುವೆ ಬಿಡುವು ಇರಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಖವಾ ಇನ್ನೇನ್ ತಳಾ ಹತ್ತತೈತಿ ಅನ್ನೂವಾಗ ಬರತೈತಲ್ಲ, ಆ ವಾಸನಿ ಐತಿ ನೋಡಪಾ.”

ನಾನು ಇಷ್ಟು ವರ್ಷ ಓದಿದ ಯಾವ ವರ್ಣನೆಯೂ ಇಷ್ಟು ಕರಾರುವಾಕ್ಕಾಗಿರಲಿಲ್ಲ. ತಳ ಹತ್ತಿದ್ದಲ್ಲ, ಹತ್ತುವುದಕ್ಕೆ ಮುಂಚಿನದು. ಹತ್ತಿದ ಮೇಲೆ ಅದು ಸುಟ್ಟ ವಾಸನೆ, ಕಾಫಿಯ ಕಹಿ. ಡೊಪ್ಪಲ್‌ಬಾಕ್‌ನಲ್ಲಿ ಅದು ಮುಂದೆ ಬಂದರೆ ಅಂಕ ಕಳೆಯಬೇಕು.

ಪೇಢೆ ಬಲ್ಲ ಮೂಗಿಗೆ ಒಂದು ಅಪಾಯವೂ ಇದೆ, ಅದನ್ನು ಹೇಳಲೇಬೇಕು. ಪೇಢೆಯಲ್ಲಿ ಕಂದು ಪರಿಮಳದ ಜೊತೆ ಹಾಲು ತುಪ್ಪದ ಪರಿಮಳವೂ ಇರುತ್ತದೆ, ನಮಗೆ ಎರಡೂ ಇಷ್ಟ. ಬಿಯರಿನಲ್ಲಿ ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್ ಎಂಬ ದೋಷ. ಹುದುಗುವಾಗ ಹುಟ್ಟುವ ಈ ವಸ್ತುವನ್ನು ಯೀಸ್ಟ್ ತಾನೇ ಆಮೇಲೆ ಮರಳಿ ತಿಂದು ಶುದ್ಧ ಮಾಡಬೇಕು. ಅವಸರದಲ್ಲಿ ಬಿಯರನ್ನು ಯೀಸ್ಟಿನಿಂದ ಬೇರ್ಪಡಿಸಿದರೆ ಅದು ಉಳಿದುಬಿಡುತ್ತದೆ. ಸಿನಿಮಾ ಟಾಕೀಸಿನ ಬೆಣ್ಣೆ ಪಾಪ್‌ಕಾರ್ನ್ ನೆನಪಾದರೆ, ನಾಲಿಗೆಯ ಮೇಲೆ ಜಿಡ್ಡಿನಂತೆ ಜಾರಿದರೆ ಅದೇ. ನಮ್ಮವರು ಇದನ್ನೇ ಹೊಗಳಿದ್ದನ್ನು ನಾನು ನೋಡಿದ್ದೇನೆ. ಕಂದು ಪರಿಮಳವನ್ನು ಬೆಣ್ಣೆಯಿಂದ ಬೇರೆ ಮಾಡುವುದನ್ನು ಬೇಕೆಂದೇ ಅಭ್ಯಾಸ ಮಾಡಿಕೊಳ್ಳಬೇಕು. ಅದಕ್ಕೆ ರೊಟ್ಟಿಯೇ ಒಳ್ಳೆಯ ಗುರು. ಹಂಚಿನ ಮೇಲೆ ಗುಳ್ಳೆ ಎದ್ದು ಕಂದಿದ ಕಡೆ ಮೂಸಿದರೆ ಹಾಲಿನ ಸೋಂಕಿಲ್ಲದ ಮೈಯಾರ್ ಪರಿಮಳ ಸಿಗುತ್ತದೆ.

ಉಳಿದ ದೋಷಗಳಿಗೂ ನಮ್ಮ ಮನೆಯಲ್ಲೇ ಹೆಸರಿದೆ. ಕುದಿಸಿದ ಗೋವಿನಜೋಳದ ತೆನೆಯ ಹಬೆ ಬಂದರೆ ಡಿಎಂಎಸ್, ಅಂದರೆ ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ವಸ್ತು. ರಸವನ್ನು ಸಾಕಷ್ಟು ಜೋರಾಗಿ ಕುದಿಸದಿದ್ದರೆ ಅಥವಾ ಬೇಗ ತಣಿಸದಿದ್ದರೆ ಉಳಿಯುವಂಥದ್ದು. ಹಸಿ ಸೇಬಿನ ವಾಸನೆ ಬಂದರೆ ಅಸಿಟಾಲ್ಡಿಹೈಡ್, ಬಿಯರ್ ಇನ್ನೂ ಎಳೆಯದು. ಬಿಸಿಲು ತಾಗಿದ ಬಾಟಲಿಯಲ್ಲಿ ಹಾಪ್ಸ್ ಒಡೆದು ಕೊಳೆತ ಉಳ್ಳಾಗಡ್ಡಿಯಂಥ ಗಂಧಕದ ಗಬ್ಬು ಏಳುತ್ತದೆ. ಹಸಿರು ಅಥವಾ ಬಿಳಿ ಗಾಜಿನಲ್ಲಿ ಇದು ಬೇಗ, ಕಂದು ಗಾಜಿನಲ್ಲಿ ತಡ. ನೆನೆದ ಪುಠ್ಠಾದ ವಾಸನೆ ಬಂದರೆ ಬಿಯರಿಗೆ ಗಾಳಿ ತಾಗಿ ಹಳತಾಗಿದೆ. ಬಿಸಿ ಹೆಚ್ಚಿದಷ್ಟೂ ಹಳತಾಗುವ ವೇಗ ಹೆಚ್ಚು. ಮೊದಲ ಸಲ ಸಿಕ್ಕ ಬಾಟಲಿಯನ್ನು ನಾನು ಹುಬ್ಬಳ್ಳಿಯ ಮನೆಯಲ್ಲಿ ಅಟ್ಟದ ಮೇಲೆ, ತಗಡಿನ ಕೆಳಗೆ, ಮಾರ್ಚಿಯಿಂದ ಮೇವರೆಗೆ ಇಟ್ಟಿದ್ದೆ. ತೆರೆದಾಗ ಪುಠ್ಠಾ ಮತ್ತು ಹುಳಿತ ಒಣದ್ರಾಕ್ಷಿ ಬಿಟ್ಟರೆ ಏನೂ ಇರಲಿಲ್ಲ. ಆ ನೋವು ಇನ್ನೂ ಇದೆ. ಬಾಟಲಿಯನ್ನು ನೆಟ್ಟಗೆ, ಕತ್ತಲಲ್ಲಿ, ತಣ್ಣಗೆ ಇಡಿ. ಉತ್ತತ್ತಿ, ಒಣದ್ರಾಕ್ಷಿಯ ಛಾಯೆ ಸ್ವಲ್ಪ ಇದ್ದರೆ ಅದು ಕಪ್ಪು ಡೊಪ್ಪಲ್‌ಬಾಕ್‌ಗೆ ಭೂಷಣ. ಅದೇ ಮುಂದೆ ಬಂದು ಮಾಲ್ಟ್ ಹಿಂದೆ ಸರಿದರೆ ಹಳತಿನ ಗುರುತು.

ಗುಟುಕು ತಗೊಂಡಾಗ ಬಾಯಿಯ ಎಲ್ಲ ಕಡೆ ಆಡಿಸಿ ನುಂಗಬೇಕು. ವೈನ್ ಪರೀಕ್ಷಕರು ಉಗುಳುತ್ತಾರೆ, ಬಿಯರಿನಲ್ಲಿ ಸಾಮಾನ್ಯವಾಗಿ ಉಗುಳುವುದಿಲ್ಲ. ಕಹಿಯೂ ಮುಗಿತಾಯವೂ ಪೂರ್ತಿ ತಿಳಿಯುವುದು ನುಂಗಿದ ಮೇಲೆಯೇ. ಆಲ್ಕೋಹಾಲ್ ಎದೆಯಲ್ಲಿ ಹಿತವಾದ ಬಿಸುಪಾಗಿ ಇಳಿಯಬೇಕು. ಗಂಟಲು ಸುಟ್ಟರೆ, ಪೇಂಟ್ ಥಿನ್ನರ್ ನೆನಪಾದರೆ ಹುದುಗುವಾಗ ಬಿಸಿ ಹೆಚ್ಚಾಗಿದೆ. ಬಾಯಿ ತುಂಬುವ ಭಾರ ಇರಬೇಕು, ಅಂಬಲಿಯಂತೆ ಗೊಜ್ಜಾಗಿರಬಾರದು.

ಅಂಕ ಕೊಡುವುದಕ್ಕೆ ನಾನು ಬಳಸುವುದು ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂನ ಹಾಳೆ. ಒಟ್ಟು 50. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಮೂರೇ ಎಂಬುದು ನನಗೆ ತುಂಬ ಸರಿಯೆನಿಸುತ್ತದೆ. ಕಣ್ಣು ಬೇಗ ಮೋಸ ಹೋಗುತ್ತದೆ. 45ರ ಮೇಲೆ ಬರುವುದು ಅಪರೂಪ, 38 ಮುಟ್ಟಿದರೆ ಅತ್ಯುತ್ತಮ, 30ರಿಂದ 37 ಬಹಳ ಒಳ್ಳೆಯದು, 21ಕ್ಕಿಂತ ಕೆಳಗೆ ಹೋದರೆ ದೊಡ್ಡ ದೋಷಗಳಿವೆ ಎಂದರ್ಥ. ಅಂಕಕ್ಕಿಂತ ಪಕ್ಕದಲ್ಲಿ ಬರೆಯುವ ಮಾತು ಹೆಚ್ಚು ಬೆಲೆಯುಳ್ಳದ್ದು. ‘ಚೆನ್ನಾಗಿದೆ’ ಎಂದು ಬರೆದರೆ ಏನೂ ಬರೆದಂತಲ್ಲ. ‘ಖವಾ ತಳ ಹತ್ತುವ ಮುಂಚಿನ ವಾಸನೆ, ಜೋರಾಗಿ, ಹಿಂದೆ ಉತ್ತತ್ತಿ, ಸಣ್ಣಗೆ’ ಎಂದು ಬರೆದರೆ ಆರು ತಿಂಗಳ ಮೇಲೆ ಓದಿದಾಗಲೂ ಆ ಬಿಯರ್ ಮೂಗಿಗೆ ಮರಳಿ ಬರುತ್ತದೆ. ಅವರವರ ಹಾಳೆ ಅವರವರೇ ತುಂಬಬೇಕು, ಮುಗಿಯುವ ತನಕ ಮಾತು ಬೇಡ. ಒಬ್ಬರು “ಚಾಕಲೇಟ್” ಅಂದರೆ ಎಲ್ಲರ ಮೂಗಿಗೂ ಚಾಕಲೇಟೇ ಬರತೊಡಗುತ್ತದೆ.

ಅವತ್ತು ನನ್ನ ಹಾಳೆಯಲ್ಲಿ ವಾಸನೆಗೆ 9, ನೋಟಕ್ಕೆ 3, ರುಚಿಗೆ 15, ಬಾಯಿಗೆ 4, ಒಟ್ಟಾರೆಗೆ 7, ಕೂಡಿ 38 ಬಂತು. ಪೆನ್ನು ಕೆಳಗಿಟ್ಟೆ. ಮಾಮಾ ಇನ್ನೂ ಇಟ್ಟಿರಲಿಲ್ಲ. ಮುಕ್ಕಾಲು ತಾಸು ಆಗಿತ್ತು, ಲೋಟದ ತಳದಲ್ಲಿ ಉಳಿದಿದ್ದ ಎರಡು ಗುಟುಕು ಕೈಯ ಕಾವಿಗೆ ಬೆಚ್ಚಗಾಗಿತ್ತು. ಅದನ್ನು ಅಲುಗಿಸಿ, ಮೂಸಿ, ಹುಬ್ಬು ಗಂಟಿಕ್ಕಿದರು.

“ತಮ್ಮಾ, ಕಡೀಕ ಒಂದ್ ಸ್ವಲ್ಪ ಪುಠ್ಠಾದ ವಾಸನಿ ಬರಾಕತ್ತೇತಿ. ನಿನಗ ಬರಾಕತ್ತಿಲ್ಲೇನು?”

ನನಗೆ ಬಂದಿರಲಿಲ್ಲ. ನನ್ನ ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಮೂಸಿದೆ. ಖವಾದ ಹಿಂದೆ, ತೀರ ಸಣ್ಣಗೆ, ಮಳೆಗಾಲದಲ್ಲಿ ಒದ್ದೆಯಾದ ಪುಸ್ತಕದ ರಟ್ಟು ಇತ್ತು. ಬಾಟಲಿ ತಿರುಗಿಸಿ ಹಿಂದಿನ ಚೀಟಿ ನೋಡಿದೆ. ಬಳಸಬೇಕಾದ ದಿನಾಂಕ ಎರಡು ತಿಂಗಳ ಹಿಂದೆಯೇ ಮುಗಿದಿತ್ತು. ರುಚಿಯ 15 ಹೊಡೆದು 13 ಮಾಡಿದೆ, ಒಟ್ಟಾರೆಯ 7 ಹೊಡೆದು 6 ಮಾಡಿದೆ. 35. ಮಾಮಾನ ಹಾಳೆಯಲ್ಲಿ ಅದಾಗಲೇ 34 ಬರೆದಿತ್ತು.